ಕರೆಂಟ್ ಹೋದ ಹೊತ್ತು

ಬನಹಟ್ಟಿಯೊಳಗ ಮಧ್ಯಾಹ್ನ ಕರೆಂಟ್ ಹೋತಂದ್ರ
ಇಡೀ ಓಣಿಗೇ ಕಿವಿ ಬಂದಂಗ ಆಗತೈತಿ.
ಅಷ್ಟೂ ಮಗ್ಗ ಒಮ್ಮೆಲೇ ಬಾಯಿ ಮುಚ್ಚತಾವ.
ಆಗ ಕೇಳಸತೈತಿ ಬಾಜೂ ಮನಿ ಕುಕ್ಕರು,
ಆಡು ಮೆಲುಕು ಹಾಕೂದು,
ನನ್ನ ಮಗಳು ಓಡಿ ಬರೂ ಗೆಜ್ಜಿ.

ಕಟ್ಟಿ ಮ್ಯಾಲ ಎಲ್ಲಾರೂ ಕರೆಂಟಿನವರಿಗೆ ಬೈಕೋಂತ
ತಾಸಿಗೆ ಎಷ್ಟು ಲುಕ್ಸಾನ ಅಂತ ಬೆರಳು ಮಡಚತಾರ.
ನಾನೂ ಬೈತಿದ್ದೆ.
ಈಗ ಶಾಕಂಬರಿ ಪುಸ್ತಕ ಬಗಲಾಗ ಹಿಡಕೊಂಡು
ಹೊಸ್ತಿಲದಾಗ ಬೆಳಕು ಹುಡುಕತಾಳ:
"ಅಪ್ಪಾ ಇಲ್ಲಿ ಬಾ, ಇಲ್ಲಿ ಬಿಸಲೈತಿ."
ಬೈಯಾಕ ಪುರಸೊತ್ತು ಸಿಗೂದಿಲ್ಲ.

ಇದ್ದದ್ದು ಒಂದ ಪುಸ್ತಕ.
ಅಂಗನವಾಡಿ ಅಕ್ಕೋರು ಕೊಟ್ಟದ್ದು,
ಹನ್ನೆರಡು ಹಾಳಿ; ಒಂದನ್ನ ಆಡು ತಿಂದು ಹನ್ನೊಂದು.
ಎಮ್ಮಿಯೊಂದು ಕನ್ನಡಿ ನೋಡಿದ ಕತಿ.

ಮೊದಮೊದಲು ತಲಿಕೆಳಗ ಹಿಡಕೊಂಡು ಓದತಿದ್ದಳು:
"ಎಮ್ಮಿ ಕಾಲು ಮ್ಯಾಲ ಮಾಡಿ ಮಲಗೇತಿ,
ಹೊಟ್ಟಿ ಬ್ಯಾನಿ ಅದಕ್ಕ."
ತಿರುವಿ ಕೊಡಲಿಲ್ಲ ನಾನು.
ಅದೂ ಒಂದು ಕತೀನ ಅಲ್ಲೇನು?

ನಾನರ ಏನು, ನಾಕನೇ ಇಯತ್ತೆ ಅರ್ಧಕ್ಕ ಬಿಟ್ಟು
ಕಂಡಿಕಿ ಸುತ್ತಾಕ ಕುಂತಾವ.
ಸಾದಾ ಅಕ್ಷರ ಬರತಾವ,
ಒತ್ತು ಬಂದ್ರ ಕಾಲು ಎಡವತೈತಿ.
ಎಡವೂ ಜಾಗಾ ಬಂತಂದ್ರ ಹಾರಿ ದಾಟತಿದ್ದೆ:
"ಎಮ್ಮೆ ಕನ್ನಡಿ ನೋಡಿತು. ಎಮ್ಮೆಗೆ ಆಯಿತು."
"ಏನಾತು ಅಪ್ಪಾ?"
"ಆತು, ಅಷ್ಟ."

ಬಟ್ಟಿಯೊಳಗ ಒಂದ ಎಳಿ ತಪ್ಪಿದ್ರ
ಸಾವಕಾರ ಬೆಳಕಿಗೆ ಹಿಡದು ನೋಡತಾನ, ಕೂಲಿ ಕಡೀತಾನ.
ಮಾತಿಗೆ ಯಾರು ಬೆಳಕು ಹಿಡೀತಾರ
ಅಂತ ತಿಳದಿದ್ದೆ.

ಆವತ್ತು ಆಕಿ ಬೆರಳು
ನನ್ನ ಬಾಯಿಗಿಂತ ಸಾವಕಾಶ ಹೊಂಟಿತ್ತು.
ನಾನು 'ಆಯಿತು' ಅನ್ನೂದರಾಗ ನಡುವ ನಿಂತು ಬಿಟ್ಟಿತು.
"ಅಪ್ಪಾ, ಇಲ್ಲೊಂದು ಉಳೀತು."
"ಅದು ಏನಿಲ್ಲ ಬಿಡು."
"ಏನಿಲ್ಲಂದ್ರ ಯಾಕ ಬರದಾರ?"

ಕುಂತಿವಿ ಇಬ್ಬರೂ, ಅದೊಂದರ ಮುಂದ.
ಆ, ಆಡಿನ ಆ. ಅದು ಆಕಿಗೆ ಗೊತ್ತಿತ್ತು.
ಶ, ತನ್ನ ಹೆಸರಿನ ಶಾ, ದೀರ್ಘ ತಗದದ್ದು.
ಅದರ ಕಾಲಾಗ ಸಣ್ಣದೊಂದು ಚ,
ದೊಡ್ಡವರ ಮುಂದ ನೆಲಕ್ಕ ಕುಂತಂಗ.
ಆಮ್ಯಾಲ ಯ. ಅದರ ಮಗ್ಗಲಿಗೆ...
"ಅಪ್ಪಾ, ಇಲ್ಲಿ ಒಂಬತ್ತು ಯಾಕ ಬಂತು?"

ಬೆನ್ನು ಚುರ್ ಅಂತು.
ಮೂವತ್ತು ವರ್ಷದ ಹಿಂದಿನ ಹುಣಚಿ ಬರಲು,
ಮಾಸ್ತರು ಒದರಿದ್ದು:
ಬರಿಯೂದು ಹಿಂದ, ಅನ್ನೂದು ಮುಂದ!
"ಒಂಬತ್ತಲ್ಲವ್ವ ಅದು, ರ್.
ಹಿಂದ ನಿಂತು ಮುಂದ ಕೂಗತೈತಿ."
ಆಕಿ ನಕ್ಕಳು, "ನಮ್ಮ ಆಡಿನಂಗ."
ಬಡಸಿಕೊಂಡು ಕಲತದ್ದು
ನಕ್ಕೋಂತ ಕಲಿಯಾಕ ಬರತೈತಿ ಅಂತ
ನನಗ ಅವತ್ತ ಗೊತ್ತಾತು.

ಕೆಟ್ಟು ನಿಂತ ಟಂಟಂ ದೂಕಿದಂಗ ದೂಕಿದಿವಿ:
ಆ... ಶ್... ಚ... ರ್... ಯ.
"ಆಶ್ಚರ್ಯ!"
"ಅಂದ್ರ?"
ನಮ್ಮ ಓಣ್ಯಾಗ ಈ ಮಾತು ಯಾರೂ ಆಡೂದಿಲ್ಲ.
'ಅಯ್ಯ ಶಿವನ' ಅಂತ ಗಲ್ಲಕ್ಕ ಕೈ ಹಚ್ಚತೇವಿ.
ಹಚ್ಚಿ ತೋರಿಸಿದೆ.
ಆಕೀನೂ ಹಚ್ಚಿದಳು, ಮತ್ತ ವಿಚಾರ ಮಾಡಿ,
"ಎಮ್ಮಿಗೆ ಕೈ ಇಲ್ಲಲ್ಲಪ್ಪಾ,
ಪಾಪ, ಅದೇನು ಮಾಡತೈತಿ?"

ಅಷ್ಟರಾಗ ಕರೆಂಟ್ ಬಂತು.
ಓಣಿ ತುಂಬ ಲಾಳಿ ಓಡಾಕ ಹತ್ತಿದುವು,
ನಾನೂ ಎದ್ದು ಮಗ್ಗ ಚಾಲೂ ಮಾಡಿದೆ.
ಎರಡು ಮಗ್ಗದ ನಡುವ ನಿಂತು ಮಗಳು ಒದರತಿದ್ದಳು,
ದನಿ ಕೇಳವಲ್ಲದು,
ತುಟಿ ಅಗಲಾಗೂದು, ಗುಂಡಗಾಗೂದು ಅಷ್ಟ ಕಾಣತಿತ್ತು.

ಆಚೀ ಮಗ್ಗದ ಕಸ್ತೂರಿ
ಸಾಲೀ ಮೆಟ್ಟಲು ಹತ್ತಿದಾಕಿ ಅಲ್ಲ.
ಕರೆಂಟ್ ಇದ್ದಾಗ ಒಂದು ಗಳಿಗಿ ಮಗ್ಗ ನಿಲ್ಲಿಸಿದಾಕೀನೂ ಅಲ್ಲ.
ಬಟನ್ ಒತ್ತಿ ಬಂದ್ ಮಾಡಿದಳು.
ನನ್ನದೂ ಬಂದ್ ಮಾಡು ಅಂತ ಕೈ ಮಾಡಿದಳು.
ಸೆರಗಿನಲೆ ಮಾರಿ ಒರಸಿಕೊಂಡು
ಮಗಳ ಸರೀಕ ಕುಂತು ಕೇಳಿದಳು:
"ಏನಂದಿ? ಇನ್ನೊಮ್ಮೆ ಹೇಳು.
ಎಮ್ಮಿಗೆ ಏನಾತಂತ?"