ಇತರೆ, ವಿವರಿಸಿ

ಸೊಹಾರ್, ರಾತ್ರಿ ಒಂದೂ ಕಾಲು.
ತುರ್ತು ವಿಭಾಗದ ಗಾಜಿನ ಬಾಗಿಲಿಗೆ ಚಿಲಕವಿಲ್ಲ.
ಯಾರು ಬಂದರೂ ತಾನಾಗಿ ಸರಿದು ದಾರಿ ಬಿಡುತ್ತದೆ,
ಒಮ್ಮೊಮ್ಮೆ ಬೆಕ್ಕಿಗೂ.

ಸಂಶೋಧನೆ ಡಾಕ್ಟರ್ ಶಮ್ಸಾ ಅವರದ್ದು, ನಡಿಗೆ ನನ್ನದು.
ಮೂರು ತಿಂಗಳು, ಆರುನೂರು ಮಂದಿ, ಎಲ್ಲರಿಗೂ ಕಡೆಗೊಂದೇ ಪ್ರಶ್ನೆ:
ಹತ್ತಿರದ ಆರೋಗ್ಯ ಕೇಂದ್ರ ಬಿಟ್ಟು ಇಲ್ಲಿಗೇಕೆ ಬಂದಿರಿ?
ಉತ್ತರಕ್ಕೆ ಐದು ಚೌಕ.
ದೂರ. ಸಮಯ. ಖರ್ಚು. ನಂಬಿಕೆ.
ಐದನೆಯದು ಇತರೆ, ಅದರ ಮುಂದೆ ವಿವರಿಸಲು ಒಂದು ಗೆರೆ,
ನನ್ನ ಕಿರುಬೆರಳಷ್ಟು ಉದ್ದ.

ಗೋಡೆ ಬದಿಯ ಕುರ್ಚಿಯಲ್ಲಿ ಒಬ್ಬ,
ಮಣಿಕಟ್ಟಿಗೆ ಹಸಿರು ಪಟ್ಟಿ.
ಹಸಿರೆಂದರೆ ಕಾಯಬಹುದಾದವ.
ಹಸಿರೆಂದರೆ, ನಮ್ಮ ಲೆಕ್ಕದಲ್ಲಿ, ಬರಬಾರದಿದ್ದವ.
ಹೆಸರು ಹಯಾತ್‌ಸಾಬ್ ನದಾಫ್. ಊರು?
‘ಸಿಂದಗಿ ಬಾಜೂಕ’ ಅಂದ.
ನಾಲ್ಕು ಭಾಷೆಯಲ್ಲಿ ಅಚ್ಚಾದ ಹಾಳೆ; ನಮ್ಮದು ಅದರಲ್ಲಿರಲಿಲ್ಲ.
ಮಡಚಿ ಮೊಣಕಾಲ ಮೇಲಿಟ್ಟು
ನನ್ನ ಬೈಂದೂರಿನ ಕನ್ನಡದಲ್ಲೇ ಕೇಳಿದೆ.

‘ಬಿಪಿ ಗುಳಿಗಿ ತೀರಿ ಹನ್ನೊಂದ್ ದಿನ ಆತ್ರೀ ಅಕ್ಕಾರ.
ಆ ಕೇಂದ್ರ ಗೊತ್ತೈತಿ, ದಿನಾ ನೋಡತೀನಿ,
ಬಸ್ಸಿನ ಕಿಡಕ್ಯಾಗಿಂದ.
ನಸುಕಿನ್ಯಾಗ ನಾವ್ ಹೊಂಟಾಗ ಅದು ಮಲಗಿರತೈತಿ,
ಕತ್ತಲಾಗಿ ತಿರುಗಿ ಬಂದಾಗ ಮತ್ತ ಮಲಗಿರತೈತಿ.
ಭಾಳ ಆರಾಮ ಐತ್ರೀ ಅದರ ತಬೇತ.
ರಜಾ ಕೇಳಿದ್ರ ಫೋರ್‌ಮನ್ ಅಂತಾನ,
ನಿಂತೀಯಲ್ಲ, ನಿಂತವಗ ಎಂಥಾ ಬ್ಯಾನಿ?
ಬಿದ್ರ ಮಾತ್ರ ಗಾಡಿ ಕೊಡತಾನ.
ಅದಕ್ಕ ಇವತ್ತ
ಸ್ವಲ್ಪ ಬಿದ್ದೆ.’

ಸ್ವಲ್ಪ ಬಿದ್ದೆ. ಇದು ಯಾವ ಚೌಕಕ್ಕೆ?
ದೂರ ಅಲ್ಲ, ಕ್ಯಾಂಪಿನಿಂದ ಒಂಬೈನೂರು ಮೀಟರ್.
ಖರ್ಚು ಅಂದರೆ ಯಾರದ್ದು ಅಂತ ಅವನೇ ಕೇಳಿದ.
ನಂಬಲಿಕ್ಕಾದರೂ ಒಮ್ಮೆ ಒಳಗೆ ಹೋಗಿರಬೇಕಲ್ಲ.

ಹತ್ತೂವರೆಗೆ ತ್ಸಿಗೆ ಬಂದಿದ್ದಳು,
ಮನೆಯೊಡತಿಯ ಕೂಸನ್ನು ಎದೆಗವಚಿಕೊಂಡು.
ಕೂಸಿನ ಜ್ವರ ದಾರಿಯಲ್ಲೇ ಇಳಿದಿತ್ತು.
ಒಡತಿ ಫೋನಿಗೆಂದು ಹೊರಗೆ ಹೋದಾಗ
ನನ್ನ ತೋಳು ಹಿಡಿದು, ಕಿವಿಯಲ್ಲಿ,
ಉಚ್ಚೆ ಹೊಯ್ಯುವಾಗ ಬೆಂಕಿ, ನಾಲ್ಕು ವಾರದಿಂದ, ಅಂದಳು.
ಕೂಸಿಗೆ ಚೀಟಿ ಇತ್ತು. ಅವಳಿಗಿರಲಿಲ್ಲ.

ಮುದುಕ ಖಲ್ಫಾನ್ ಈ ಊರಿನವನೇ,
ಕೇಂದ್ರ ಅವನ ಮಸೀದಿಯ ಪಕ್ಕ.
ಕಣ್ಣಿನ ದಿನಾಂಕ ಆರು ವಾರದಾಚೆ ಕೊಟ್ಟಿದ್ದಾರಂತೆ.
ಹಾಗಂತ ಕಣ್ಣು ತೋರಿಸಲು ಬರುವುದೂ ಅಲ್ಲ,
ಇಲ್ಲಿ ದೀಪ ಆರುವುದಿಲ್ಲ, ಅಷ್ಟೇ, ಅನ್ನುತ್ತಾನೆ,
ಫ್ಲಾಸ್ಕಿನಿಂದ ನನಗೂ ಒಂದು ಗುಟುಕು ಖಾವಾ ಬಗ್ಗಿಸುತ್ತಾ.

ನಿನ್ನೆ ಡಾಕ್ಟರ್ ಶಮ್ಸಾ ಹಾಳೆಗಳನ್ನು ತಿರುವಿ ಹಾಕಿದರು.
ಅರ್ಧಕ್ಕಿಂತ ಹೆಚ್ಚು ಇತರೆ.
ಗೆರೆ ಸಾಲದೆ ಅಂಚಿಗೆ ಹರಿದ ನನ್ನ ಅಕ್ಷರ,
ಕೆಲವು ಕಡೆ ಹಾಳೆಯ ಬೆನ್ನಿಗೂ.
ಇದನ್ನು ನಾಲ್ಕಕ್ಕೆ ಹಂಚಿಬಿಡು, ಅಂದರು,
ಇತರೆ ಇಷ್ಟಿದ್ದರೆ ಮೇಲಿನವರು ಓದುವುದೇ ಇಲ್ಲ.
ಕೆಟ್ಟವರಲ್ಲ. ಕಣ್ಣುಜ್ಜಿಕೊಳ್ಳುತ್ತಿದ್ದರು.
ಅವರೂ ಮನೆಗೆ ಹೋಗಿರಲಿಲ್ಲ.

ಹಯಾತ್‌ಸಾಬನ ತೋಳಿಗೆ ಮತ್ತೊಮ್ಮೆ ಪಟ್ಟಿ ಸುತ್ತಿದೆವು.
ಮೇಲೆ ಇನ್ನೂರಾ ಹತ್ತು, ಕೆಳಗೆ ನೂರಾ ಇಪ್ಪತ್ತೆರಡು.
ಹಸಿರು ಕತ್ತರಿಸಿ ಕಿತ್ತಳೆ ಕಟ್ಟಿದರು, ಗಾಲಿಮಂಚ ಬಂತು.
ಮಲಗಿದಲ್ಲಿಂದಲೇ ಕೇಳಿದ,
‘ಅಕ್ಕಾರ, ಬಣ್ಣ ಬದಲಾತು, ಇದು ನನಗ ಚಲೋನೋ ಕೆಟ್ಟೋ?’

ನಮ್ಮ ಅಧ್ಯಯನ ಹಸಿರಿನವರದ್ದು ಮಾತ್ರ.
ನಿಯಮದ ಪ್ರಕಾರ ಅವನ ಹಾಳೆ ಇನ್ನು ಲೆಕ್ಕಕ್ಕಿಲ್ಲ.
ನಾನೂರಾ ಹದಿನೇಳು. ಅಡ್ಡಗೆರೆ ಎಳೆಯಬೇಕು.
ಪೆನ್ನು ತೆಗೆದೆ, ಜೇಬಿಗೆ ಹಾಕಿದೆ, ಮತ್ತೆ ತೆಗೆದೆ.

ಐದಕ್ಕೆ ಕಂಪನಿಯ ಬಸ್ಸು ಗೇಟಿನೆದುರು ಬಂದು
ಎರಡು ಸಲ ಹಾರ್ನ್ ಹೊಡೆಯಿತು.
ತುಸು ಹೊತ್ತು ನಿಂತು
ಹೋಯಿತು.