ಉದ್ರಿ ವಹಿ

ಇವತ್ತು ಸಂಜೀ ಐದಕ್ಕ ಫಾರ್ಮ್ ಲಾಕ್ ಆಗತೈತಿ.
ದಾನೇಶ್ವರಿ ಮೊಬೈಲ್ ಹಿಡಕೊಂಡು ಜ್ವಾಳದ ಚೀಲದ ಮ್ಯಾಲ ಕುಂತಾಳ,
ಮುಂಜಾನಿಂದ ಹಲ್ಲು ಸೈತ ತಿಕ್ಕಿಲ್ಲ.
'ಅವ್ವಾ, ಯಾವ ಬ್ರ್ಯಾಂಚಿಗೆ ಸ್ಕೋಪ್ ಐತಿ?'

ನನಗೇನ ಕೇಳತಿ ಮಗಳ?
ಆಕುರ್ಡಿ ಸ್ಟೇಷನ್ ಹಿಂದ ಹತ್ತೊಂಬತ್ತು ವರ್ಷ ರೊಟ್ಟಿ ಬಡದೀನಿ,
ಓದಿದ್ದು ಏಳನೇ ಇಯತ್ತೆ.
ಆದ್ರ ಕೇಳಿದಿ ಅಂದಮ್ಯಾಲ ತಡಿ,
ಖಾರಪುಡಿ ಡಬ್ಬಿ ಹಿಂದಿಂದ ಆ ಕೆಂಪು ವಹಿ ತಗಿ.

ಇಲ್ಲಿ ನೋಡು, ನೀ ತೊಟ್ಟಲದಾಗಿದ್ದ ವರ್ಷ.
ಕಂಪ್ಯೂಟರ್ ಹುಡುಗೂರು ಮೂರು ಮಂದಿ,
ಕೈಯಾಗ ಕಂಪನಿ ಕಾಗದ, ಕರೆಯೋರು ಮಾತ್ರ ಯಾರೂ ಇಲ್ಲ.
ಎಂಟು ತಿಂಗಳು ಬರೀ ಝುಣಕದ ಮ್ಯಾಲ ಇದ್ರು,
ತುಪ್ಪ ಬ್ಯಾಡ್ರಿ ಅಕ್ಕಾ, ಅದರ ರೊಕ್ಕ ಬ್ಯಾರೆ ಆಗತೈತಿ ಅಂತ.
ಆ ವರ್ಷ ಸಿವಿಲ್‌ದವರು ಎರಡೆರಡು ಸಲ ಶೇಂಗಾ ಹೋಳಿಗಿ ಹೇಳಿದ್ರು,
ಹಿಂಜವಡಿಯೊಳಗ ಎಲ್ಲಿ ನೋಡಿದ್ರೂ ಸೆಂಟ್ರಿಂಗ್ ಕಟ್ಟಿಗಿ.

ನಾಕು ಹಾಳಿ ತಿರುವು. ಸಿವಿಲ್ ಬಾಕಿ.
ಒಬ್ಬಾಂವ ಸೈಟಿನಿಂದ ಫೋನ್ ಮಾಡಿ ಅಳತಿದ್ದ,
ಬಿಲ್ಡರ್ ಆರು ತಿಂಗಳ ಪಗಾರ ಕೊಟ್ಟಿಲ್ಲಂತ.
ಕಂಪ್ಯೂಟರ್‌ದವರು ಮತ್ತ ಎದ್ದಾರ, ನನ್ನ ಡಬ್ಬಿ ಬಿಟ್ಟು ಪಿಝಾಕ್ಕ ಹೋಗ್ಯಾರ.
ಅವರು ಬಿದ್ದರೂ ನನಗ ಲುಕ್ಸಾನ, ಎದ್ದರೂ ಲುಕ್ಸಾನ.

ಮೆಕ್ಯಾನಿಕಲ್? ಅದು ವಹಿ ತುಂಬ ಐತಿ.
ಚಾಕಣದಾಗ ಟ್ರೇನಿ ಅಂತ ಸೇರತಾರ,
ರಾತ್ರಿಪಾಳಿ ಮುಗಿಸಿ ಬಂದು
ಮಾತಾಡದ ಹನ್ನೊಂದು ರೊಟ್ಟಿ ತಿಂತಾರ.
ತಡಾ ಆದ್ರೂ ಕೊಡತಾರ. ಎಣಿಸಿ, ಚಿಲ್ಲರ ಸುದ್ದಾ.

ಮ್ಯಾಲಿನ ಮನಿ ಘೋಡಕೆ ಕಾಕಾ ಎಐ ಅಂತಾರ,
ನಿಮ್ಮಪ್ಪ ಟೆಂಪೋ ಹೊಡಕೋತ ಕರೆಂಟಿನ ಗಾಡಿ ನೋಡಿ
ಇಲೆಕ್ಟ್ರಿಕಲ್ ಅಂತಾನ,
ಕ್ಲಾಸಿನ ಗುಗ್ಗರಿ ಸರ್ ಐದುನೂರು ತಗೊಂಡು
'ಮಾರ್ಕೆಟ್ ನೋಡಿ ಹೋಗ್ರಿ' ಅಂದ್ರಂತ.
ಮಾರ್ಕೆಟ್ ನಾನೂ ದಿನಾ ನೋಡತೀನಿ, ಸರ್.
ನಿನ್ನಿ ಟೊಮೇಟೊ ಎಂಬತ್ತು, ಇವತ್ತು ಚರಂಡ್ಯಾಗ.

ಹಿಂದಿನ ರಟ್ಟಿನ ಒಳಗ ಒಂದು ಹೆಸರು ಐತಿ, ಅದನ್ನ ಓದು.
ಇರ್ಫಾನ ಮುಜಾವರ, ಇಂಡಿ ತಾಲೂಕ. ಮೆಟಲರ್ಜಿ.
ಸಾವಿರದ ಏಳುನೂರ ನಾಲ್ವತ್ತು, ಬಾಕಿ.
ಅದಕ್ಕ ಸ್ಕೋಪಿಲ್ಲಂತ ಎಲ್ಲಾರೂ ನಗತಿದ್ರು, ಅವನೂ ನಗತಿದ್ದ.
ನನ್ನ ಹಂಚು ವರ್ಷಕ್ಕ ಮೂರು ಸೀಳತಿದ್ವು ಆಗ.
ಒಂದು ದಿನ ಸೀಳಿದ ತುಣುಕು
ಪೇಪರಿನಾಗ ಸುತಗೊಂಡು ಕಾಲೇಜಿಗೆ ಹೋದ.
ಸ್ಕೋಪಿಲ್ಲದ ಹುಡುಗ
ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಎರಡು ದಿನ ಕುಂತಿದ್ದನಂತ.
ಬಂದು ಹೇಳಿದ:
'ಅಕ್ಕಾ, ಎರಕ ಹೊಯ್ದಾಂವ ಅವಸರಕ್ಕ ಆರಿಸ್ಯಾನ.
ಅವಸರಕ್ಕ ಆರಿಸಿದ್ದು ಒಳಗ ಪೆಡಸಾಗಿ ಉಳೀತೈತಿ,
ಬೆಂಕಿ ಹತ್ತಿದ ದಿನ ಸೀಳತೈತಿ.'
ಭೋಸರಿಯ ಒಂದು ಫೌಂಡ್ರಿಯಾಗ ತಾನ ನಿಂತು
ರಾತ್ರಿಯೆಲ್ಲಾ ಉಸುಕಿನಾಗ ಮುಚ್ಚಿಟ್ಟು
ನಿಧಾನ ಆರಿಸಿದ ಹಂಚು ತಂದುಕೊಟ್ಟ.

ಆಮ್ಯಾಲ ಅವ ಬರಲಿಲ್ಲ. ನಂಬರ್ ಬದಲಾಗೈತಿ.
ರೊಕ್ಕನೂ ಬಂದಿಲ್ಲ. ಹಂಚೂ ಸೀಳಿಲ್ಲ.
ಈ ಲೆಕ್ಕ ಜಮಾಕ್ಕ ಬರಿಲೋ ಖರ್ಚಿಗೆ ಬರಿಲೋ,
ಹನ್ನೆರಡು ವರ್ಷದಿಂದ ತಿಳದಿಲ್ಲ.

ನಾಕೂವರಿ ಆತು. ಹಿಟ್ಟು ನಾದಬೇಕು.
ದಾನಿ ವಹಿ ಮುಚ್ಚಿದ್ಲು, ಏನೂ ಅನ್ನಲಿಲ್ಲ.
ಎದ್ದು ಒಲಿ ಹತ್ರ ಹೋಗಿ
ತಣ್ಣಗಿದ್ದ ಹಂಚಿಗೆ ಬೆರಳ ಗೆಣ್ಣಿನಿಂದ ಬಡದು
ಕಿವಿ ಇಟ್ಟು ಕೇಳಿದ್ಲು. ಮತ್ತೊಮ್ಮೆ ಬಡದ್ಲು.
ಆಮ್ಯಾಲ ಮೊಬೈಲ್ ಒತ್ತಿದ್ಲು.

ಏನು ಆರಿಸಿದಿ ಅಂತ ನಾ ಕೇಳಲಿಲ್ಲ.
ನಾ ಕೇಳಿದ್ದು,
ಇನ್ನರ ಹಲ್ಲು ತಿಕ್ಕತಿ ಏನವಾ?