ಸಿಹಿ ನೋಡುವ ದುರ್ಬೀನು

ಅನಾನಸಿನ ರಸ ಒಂದೇ ತೊಟ್ಟು
ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದು
ಒಂದು ಕಣ್ಣು ಮುಚ್ಚಿದರೆ
ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಗೆರೆ:
ಹದಿಮೂರೂವರೆ.
‘ನೀವೇ ನೋಡಿ’ ಎಂದು ಗುತ್ಯಪ್ಪನವರ ಕೈಗಿಡುತ್ತೇನೆ.
ನೋಡುತ್ತಾರೆ. ಒರೆಸಿ ಮತ್ತೆ ನೋಡುತ್ತಾರೆ.
ಎಪ್ಪತ್ತು ತುಂಬಿದ ಮನುಷ್ಯನಿಗೆ
ತನ್ನ ಹಣ್ಣಿನ ಸಿಹಿ ಎಷ್ಟೆಂದು
ಇದುವರೆಗೆ ಯಾರೂ ತೋರಿಸಿರಲಿಲ್ಲ.

ಮೊದಲೆಲ್ಲ ಆನವಟ್ಟಿ ರಸ್ತೆಯ ಬದಿಗೆ ಲಾರಿ.
ಟವೆಲ್ಲಿನಡಿ ಬೆರಳು ಹಿಡಿಯುವ ದಲ್ಲಾಳಿ,
ಕ್ವಿಂಟಲಿಗೆ ಐದು ಕೇಜಿ ಸೂಟು,
ದಿಲ್ಲಿಯಲ್ಲಿ ಚಳಿಯಂತೆ, ಹಣ್ಣು ಯಾರೂ ಮುಟ್ಟರಂತೆ.
ಆ ವರ್ಷ ಜಡೆಯ ತಿರುವಿನಲ್ಲಿ
ನಾವೇ ಸುರಿದ ರಾಶಿಗೆ ಮೂರು ದಿನ ಜೇನು ಮುತ್ತಿತು,
ನಾಲ್ಕನೇ ದಿನ ನೊರೆ.
ಐದನೇ ದಿನ ಕುರಿಯಾಕೋಸ್ ಬೈಕು ನಿಲ್ಲಿಸಿ ಮೂಗೆಳೆದ:
‘ಕೊಳೆತದ್ದಲ್ಲ ಮಾರಾಯ್ರೇ,
ವೈನಾಗ್ತಾ ಇದೆ,
ನಮ್ಮನ್ನು ಕೇಳದೇನೇ.’

ಸಾವಿರ ರೂಪಾಯಿಗೆ ಒಂದು ಪಾಲು.
ನಲವತ್ತು ಎಕರೆಯವನಿಗೆ ಒಂದು ಕೈ,
ಹಿತ್ತಲ ಇಪ್ಪತ್ತು ಗುಂಟೆಯವಳಿಗೂ ಒಂದೇ ಕೈ.
ಮೊದಲ ಸಭೆಯಲ್ಲಿ ಎತ್ತಲು ನಾಚಿ
ಅರ್ಧಕ್ಕೇ ನಿಂತ ಕೈಗಳನ್ನು
ಎಣಿಸಿದವಳು ನಾನೇ.

ಎದ್ದು ನಿಂತವಳು ಕೆರಿಯಮ್ಮ ಒಬ್ಬಳೇ.
ಸಾರಾಯಿ ಅಂಗಡಿ ಮುಂದೆ ನನ್ನವ್ವನ ಜೊತೆ
ಹನ್ನೊಂದು ದಿನ ಪೊರಕೆ ಹಿಡಿದು ಕೂತವಳು.
‘ಬಾಟಲಿಗೆ ಬೇರೆ ಚೀಟಿ ಅಂಟಿಸಿದರೆ
ಬೇರೆ ಗಂಡಂದಿರು ಹುಟ್ತಾರಾ?’
ಅಧ್ಯಕ್ಷರಲ್ಲಿ ಉತ್ತರವಿರಲಿಲ್ಲ.
ನನ್ನಲ್ಲಿಯೂ ಇಲ್ಲ, ಇವತ್ತಿಗೂ.
ನಡಾವಳಿ ಪುಸ್ತಕದ ನಾಲ್ಕನೇ ಪುಟದಲ್ಲಿ
ಅವಳ ಮಾತು ಹಾಗೇ ಇದೆ, ಅಕ್ಷರ ಬಿಡದೆ.
ದಲ್ಲಾಳಿಯ ಹತ್ತಿರ ನಡಾವಳಿ ಪುಸ್ತಕವೇ ಇರಲಿಲ್ಲ.

ಠರಾವು: ಈ ಊರೊಳಗೆ ಒಂದು ಬಾಟಲಿಯನ್ನೂ ಮಾರಕೂಡದು.
ಐವತ್ತೆಂಟಕ್ಕೆ ಅರವತ್ತೊಂದು ಕೈ.
ಗೆದ್ದಳು. ಲೆಕ್ಕದಲ್ಲಿ ಒಂದಿಷ್ಟು ಲಾಭ ಕಡಿಮೆಯಾಯಿತು.
ಆಗಲಿ. ನಾವೇ ಕೂತು ಒಪ್ಪಿಕೊಂಡ ನಷ್ಟ
ಇದೊಂದೇ, ಇಷ್ಟು ವರ್ಷಗಳಲ್ಲಿ.

ಯುಗಾದಿಗೆ ಎರಡನೇ ಕಂತು ಬಂತು.
ಮಾರಿ ಮುಗಿದ ಹಣ್ಣಿಗೆ ಮತ್ತೆ ದುಡ್ಡೇ? ಎಂದು
ಪಾಸ್‌ಬುಕ್ ವಾಪಸು ತಂದವರೂ ಇದ್ದರು,
ತಪ್ಪಾಗಿ ಜಮೆಯಾಗಿದೆಯೆಂದು.

ಇವತ್ತು ಕೆರಿಯಮ್ಮನ ಎರಡು ಬುಟ್ಟಿ.
ದುರ್ಬೀನು ಕಸಿದು ತಾನೇ ನೋಡಿದಳು:
‘ಹದಿನಾಲ್ಕು. ಸರಿಯಾಗಿ ಬರಿ.’
ಟ್ಯಾಂಕಿನ ಕೋಣೆಯ ಹೊಸ್ತಿಲಲ್ಲೇ ನಿಂತು
ಒಳಗಿನ ಗುಳುಕು ಗುಳುಕು ಕೇಳಿಸಿಕೊಂಡಳು.
ಒಳಗೆ ಬರಲಿಲ್ಲ.
‘ನನ್ನ ಹಣ್ಣು ಯಾವುದರಲ್ಲೇ?’
ಎಲ್ಲರದ್ದೂ ಕಲೆತುಹೋಗಿದೆ ಅಮ್ಮಾ,
ಇನ್ನು ಬೇರೆ ಮಾಡಲು ಬರುವುದಿಲ್ಲ ಎಂದೆ.
ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಹಂಗಾರೆ ಬೀಗದ ಕೈ ಒಂದು
ನನ್ನ ಹತ್ರನೂ ಇರ್ಲಿ.’